ಉಳುಕಿಗೆ ಸೂಜಿಯಾ, ಪಟ್ಟಾ, ಫಿಸಿಯೋನಾ?

ಬ್ಲಾಕ್ ಮಾಡಲು ಹಾರಿದ್ದೆ. ಇಳಿಯುವಾಗ ಎದುರು ಟೀಮಿನವನ ಬೂಟಿನ ಮೇಲೆ ಎಡಗಾಲು ಬಿತ್ತು. ಪಾದ ಒಳಗೆ ಮಡಚಿಕೊಂಡಿತು. ಉಡುಪಿಯ ಭಾನುವಾರ ಸಂಜೆಯ ವಾಲಿಬಾಲ್ ಅಂದ್ರೆ ಗೊತ್ತಲ್ಲ, ಆಡುವವರಿಗಿಂತ ನೋಡುವವರು ಜಾಸ್ತಿ, ನೋಡುವವರೆಲ್ಲ ಡಾಕ್ಟರುಗಳೇ. ಹತ್ತು ನಿಮಿಷದಲ್ಲಿ ಆ್ಯಂಕಲ್ ಬನ್ಸಿನ ಹಾಗೆ ಉಬ್ಬಿತು. ಒಬ್ಬ ಐಸ್ ಇಡಿ ಅಂದ. ಇನ್ನೊಬ್ಬ ನಾಟಿ ವೈದ್ಯರ ಹತ್ತಿರ ಪಟ್ಟು ಕಟ್ಟಿಸಿ ಅಂದ. ಮೂರನೆಯವ, "ಎಂತ ಮಾರಾಯ್ರೆ, ಸೂಜಿ ಹಾಕಿಸಿ, ನಾಲ್ಕು ದಿನದಲ್ಲಿ ಆಡ್ತೀರಿ" ಅಂದ. ನನಗೆ ಮೂರನೆಯವನ ಮಾತೇ ರುಚಿಸಿತು.

ಮಾರನೇ ದಿನ ಅಕ್ಯುಪಂಕ್ಚರ್ ಸೂಜಿ ಹಾಕುವ ಒಂದು ಕಡೆ ಹೋದೆ. ಹೆಸರು ಬೇಡ. ಅಲ್ಲಿ ಯಾರೂ ಕಾಲನ್ನು ಒತ್ತಿ ನೋಡಲಿಲ್ಲ, ನಾಲ್ಕು ಹೆಜ್ಜೆ ನಡೆಸಿಯೂ ನೋಡಲಿಲ್ಲ. ಮಲಗಿಸಿ ಒಂಬತ್ತು ಸೂಜಿ ಹಾಕಿದರು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆ ಸೂಜಿಗಳೇ ಹಾಗೆ, ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳೂ ಇರುವುದಿಲ್ಲ. ಆಮೇಲೆ ಒಂದನ್ನು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಗಿಸಿದರು. ಆಗ ಮೊಣಕಾಲಿನ ಕೆಳಗೆ ಒಂಥರಾ ಭಾರ, ಜೋಮು ಹಿಡಿದ ಹಾಗೆ. ಚೀನಾದವರು ಇದಕ್ಕೆ 'ದೆ ಚಿ' ಅನ್ನುತ್ತಾರೆ. ಸೂಜಿ ಸರಿಯಾದ ಜಾಗಕ್ಕೆ ತಾಗಿದೆ ಅನ್ನುವುದಕ್ಕೆ ಅದೇ ಅವರ ಗುರುತು. 20 ನಿಮಿಷ ಫ್ಯಾನ್ ನೋಡುತ್ತಾ ಮಲಗಿದೆ. ಎದ್ದಾಗ ನೋವು ಅರ್ಧಕ್ಕೂ ಕಡಿಮೆ.

ಬುಧವಾರ ಇನ್ನೊಂದು ಸಲ. ಶುಕ್ರವಾರ ಆಡಿದೆ. ಶನಿವಾರ ಬೆಳಗ್ಗೆ ಪಾದ ನೆಲಕ್ಕೆ ಊರಲು ಆಗಲಿಲ್ಲ. ಎಕ್ಸ್‌ರೇ ತೆಗೆಸಿದರೆ, ಕಿರುಬೆರಳಿನ ಸಾಲಿನ ಎಲುಬಿನ ಬುಡದಲ್ಲಿ ಬಿರುಕು. ಆರು ವಾರ ಮನೆಯಲ್ಲಿ ಕೂತೆ.

ಸೂಜಿ ಕೆಲಸ ಮಾಡಿತ್ತು. ನನಗೆ ತೊಂದರೆ ಆದದ್ದೇ ಅದರಿಂದ. ನೋವು ಹೋಯಿತು, ಬಿರುಕು ಅಲ್ಲೇ ಉಳಿಯಿತು, ನನಗೆ ಧೈರ್ಯ ಬಂತು. ಆ ಆರು ವಾರದಲ್ಲಿ ಮಾಡಲು ಬೇರೆ ಕೆಲಸ ಇರಲಿಲ್ಲ. ಯಾವ ನೋವಿಗೆ ಯಾವ ಚಿಕಿತ್ಸೆ, ಯಾವ ಹಂತದಲ್ಲಿ ಅಂತ ಓದಿದೆ, ಗೊತ್ತಿದ್ದವರನ್ನು ಕೇಳಿದೆ. ನಾನು ಡಾಕ್ಟರಲ್ಲ. ನಲವತ್ತು ದಾಟಿಯೂ ಆಟ ಬಿಡದವನು, ಅಷ್ಟೇ.

ಮೊದಲು ಎಲುಬಿನ ಲೆಕ್ಕ

ಕಾಲು ಉಳುಕಿದಾಗ ಸೂಜಿಯೋ ಎಣ್ಣೆಯೋ ಅನ್ನುವುದು ಎರಡನೇ ಪ್ರಶ್ನೆ. ಎಲುಬಿಗೆ ಪೆಟ್ಟಾಗಿದೆಯಾ ಅನ್ನುವುದು ಮೊದಲನೆಯದು. ಇದಕ್ಕೆ ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ಸುಲಭದ ನಿಯಮ ಕೊಟ್ಟರು. ಇವತ್ತಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ಅದು ನಡೆಯುತ್ತದೆ. ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗಲಿಲ್ಲ, ಆಸ್ಪತ್ರೆಯಲ್ಲೂ ಆಗುತ್ತಿಲ್ಲ ಅಂದರೆ ಎಕ್ಸ್‌ರೇ ಬೇಕು. ಕುಂಟುತ್ತಾ ಇಟ್ಟರೂ ಅದು ಹೆಜ್ಜೆಯೇ. ಇನ್ನು ಬೆರಳಿಂದ ಒತ್ತಿ ನೋಡಬೇಕು. ಆ್ಯಂಕಲ್‌ನ ಎರಡೂ ಬದಿಯಲ್ಲಿ ಉಬ್ಬಿರುವ ಎಲುಬಿನ ತುದಿ ಮತ್ತು ಹಿಂಬದಿಯ ಅಂಚು, ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಉಬ್ಬು, ಪಾದದ ಒಳಬದಿಯ ಕಮಾನಿನ ಮೇಲಿನ ಎಲುಬು. ಇವುಗಳಲ್ಲಿ ಎಲ್ಲಾದರೂ ಎಲುಬಿನ ಮೇಲೇ ನೋವಿದ್ದರೆ ಎಕ್ಸ್‌ರೇ. ನನ್ನ ಬಿರುಕು ಇದ್ದದ್ದು ಆ ಹೊರ ಅಂಚಿನ ಉಬ್ಬಿನಲ್ಲೇ. ಒಂದು ಸಲ ಒತ್ತಿದ್ದರೆ ಕಿರುಚುತ್ತಿದ್ದೆ.

ಉಡುಪಿಯಲ್ಲಿ ಕ್ರೀಡಾಂಗಣವೂ ಅಜ್ಜರಕಾಡಿನಲ್ಲೇ, ಜಿಲ್ಲಾಸ್ಪತ್ರೆಯೂ ಅಜ್ಜರಕಾಡಿನಲ್ಲೇ. ಮಂಗಳೂರಿನವರಿಗೆ ವೆನ್ಲಾಕ್ ಆಸ್ಪತ್ರೆ ಉಂಟು. ಹಾಗಿದ್ದೂ ನಾವು ಎಕ್ಸ್‌ರೇ ಒಂದನ್ನು ಬಿಟ್ಟು ಬಾಕಿ ಎಲ್ಲವನ್ನೂ ಮಾಡಿಸುತ್ತೇವೆ.

ಮೊಣಕಾಲಿಗೂ ಇದೇ ಎಚ್ಚರ ಬೇಕು. ಆಡುವಾಗ ಒಳಗೆ 'ಪಟ್' ಅಂದು ಒಂದೆರಡು ಗಂಟೆಯಲ್ಲೇ ಊದಿದರೆ, ಮೊಣಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಕೈಕೊಟ್ಟರೆ ಸೂಜಿಯ ವಿಚಾರ ಆಮೇಲೆ ಇಟ್ಟುಕೊಳ್ಳಿ. ಹಿಮ್ಮಡಿಯ ಮೇಲೆ ಯಾರೋ ಹಿಂದಿನಿಂದ ಒದ್ದ ಹಾಗಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ, ಅದು ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಹುರಿ, ಹರಿದ ಲಕ್ಷಣ. ಆಗ ನೇರ ಮೂಳೆ ಡಾಕ್ಟರ ಹತ್ತಿರ.

ಒಂದೇ ಸೂಜಿ, ಎರಡು ಲೆಕ್ಕಾಚಾರ

ಮಂಗಳೂರಿನಲ್ಲಿ 'ನೀಡಲ್ ಹಾಕ್ತಾರೆ' ಅಂದರೆ ಎರಡು ಬೇರೆ ಬೇರೆ ಚಿಕಿತ್ಸೆ ಇರಬಹುದು. ಒಂದು ಅಕ್ಯುಪಂಕ್ಚರ್, ಇನ್ನೊಂದು ಡ್ರೈ ನೀಡ್ಲಿಂಗ್. ಸೂಜಿ ಒಂದೇ. ಎಲ್ಲಿ ಹಾಕಬೇಕು ಅನ್ನುವ ಲೆಕ್ಕ ಮಾತ್ರ ಬೇರೆ.

ಅಕ್ಯುಪಂಕ್ಚರ್ ಚೀನಾದ ಹಳೆಯ ಪದ್ಧತಿ. ಮೈಯಲ್ಲಿ ನಾಡಿಗಳ ಹಾಗೆ ದಾರಿಗಳಿವೆ, ಅವುಗಳ ಮೇಲೆ ಬಿಂದುಗಳಿವೆ ಅನ್ನುವ ನಂಬಿಕೆ. ಹಾಗಾಗಿ ಆ್ಯಂಕಲ್ ನೋವಿಗೆ ಮೊಣಕಾಲಿನ ಕೆಳಗೆ, ಕೆಲವೊಮ್ಮೆ ಕೈಗೂ ಸೂಜಿ ಬೀಳುತ್ತದೆ. 15ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ಡ್ರೈ ನೀಡ್ಲಿಂಗ್ ಹೆಚ್ಚಾಗಿ ಫಿಸಿಯೋಥೆರಪಿಸ್ಟರ ಕೆಲಸ. ಅವರು ಸ್ನಾಯುವಿನಲ್ಲಿ ಗಂಟುಕಟ್ಟಿದ ಜಾಗ ಹುಡುಕಿ ನೇರ ಅಲ್ಲಿಗೇ ಚುಚ್ಚುತ್ತಾರೆ. ಆಗ ಸ್ನಾಯು ಮೀನು ಗಾಳಕ್ಕೆ ಸಿಕ್ಕಿದ ಹಾಗೆ ಒಮ್ಮೆ ಎಗರುತ್ತದೆ. ನನ್ನ ಮೀನಖಂಡಕ್ಕೆ ಹಾಕಿಸಿದಾಗ ಬಾಯಿಂದ ತುಳುವಿನ ಒಂದು ಒಳ್ಳೆಯ ಬೈಗುಳ ಹೊರಟಿತ್ತು. ಮಾರನೇ ದಿನ ಒಂದಷ್ಟು ನೋವು ಇರುವುದು ಸಹಜ. ಮೂರನೇ ದಿನಕ್ಕೆ ಸಡಿಲ ಆಗುತ್ತದೆ.

ಯಾವುದು ಮೇಲು? ಸ್ನಾಯು ಬಿಗಿಹಿಡಿದಿದೆ, ಬೆರಳಿಟ್ಟು 'ಇಲ್ಲೇ' ಅಂತ ತೋರಿಸಬಹುದು ಅಂದರೆ ನಾನು ಡ್ರೈ ನೀಡ್ಲಿಂಗ್ ಕಡೆ ವಾಲುತ್ತೇನೆ. ಯಾಕಂದರೆ ಸೂಜಿ ತೆಗೆದ ಮೇಲೆ ಅದೇ ಮನುಷ್ಯ ವ್ಯಾಯಾಮವನ್ನೂ ಮಾಡಿಸುತ್ತಾನೆ. ತಿಂಗಳುಗಟ್ಟಲೆಯ ಸೊಂಟ ನೋವು, ಕುತ್ತಿಗೆ ನೋವು, ಅದರ ಜೊತೆ ನಿದ್ದೆಯೂ ಇಲ್ಲ ಅಂದರೆ ಅಕ್ಯುಪಂಕ್ಚರಿನ ಆ ಅರ್ಧ ಗಂಟೆ ಮಲಗುವುದೇ ಒಂದು ಸುಖ. ಸೂಜಿಗೆ ಹೆದರುವವರಿಗೂ ಅದೇ ಸುಲಭ.

ಕರೆಂಟ್ ಕೊಡುವ ಸೂಜಿಯೂ ಇದೆ. ಸೂಜಿಗಳಿಗೆ ಸಣ್ಣ ಕ್ಲಿಪ್ ಹಾಕಿ ಬ್ಯಾಟರಿಯ ಯಂತ್ರದಿಂದ ಮೆಲ್ಲಗೆ ಮಿಡಿತ ಬಿಡುತ್ತಾರೆ. ಪೇಸ್‌ಮೇಕರ್ ಇದ್ದವರು ಅದರ ಹತ್ತಿರ ಹೋಗಬಾರದು.

ಅಂದಹಾಗೆ, ಈ ಸೂಜಿ ನಮ್ಮ ದೇಶಕ್ಕೆ ಬಂದ ಕತೆ ಚೆನ್ನಾಗಿದೆ. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ಭಾರತದಿಂದ ಐದು ಜನ ಡಾಕ್ಟರುಗಳು ಹೋದರು. ಸೊಲ್ಲಾಪುರದ ಡಾ. ಕೋಟ್ನಿಸ್ ಹೆಸರು ಎಲ್ಲರೂ ಕೇಳಿದ್ದೇವೆ. ಅದೇ ತಂಡದಲ್ಲಿ ಕಲ್ಕತ್ತೆಯ ಡಾ. ಬಿ. ಕೆ. ಬಸು ಇದ್ದರು. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಹಾಕುವುದು ಕಲಿತು ಬಂದರು. ಭಾರತದಲ್ಲಿ ಇದು ಹಬ್ಬಲು ಶುರುವಾದದ್ದು ಅಲ್ಲಿಂದ.

ನಿಜವಾಗಿ ಕೆಲಸ ಮಾಡುತ್ತದಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಎಲ್ಲಾ ಬೋಗಸ್' ಅನ್ನುವವರೂ 'ಇದಕ್ಕಿಂತ ಮದ್ದಿಲ್ಲ' ಅನ್ನುವವರೂ ಅರ್ಧ ಕತೆ ಮಾತ್ರ ಹೇಳುತ್ತಾರೆ.

ಜರ್ಮನಿಯಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. 2007ರಲ್ಲಿ ಫಲಿತಾಂಶ ಬಂತು. ಬಹುಕಾಲದ ಸೊಂಟ ನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರಪ್ರಕಾರ ಬಿಂದುಗಳಿಗೆ ಸೂಜಿ. ಇನ್ನೊಂದಕ್ಕೆ ಸುಳ್ಳು ಸೂಜಿ, ಅಂದರೆ ಬಿಂದು ಅಲ್ಲದ ಜಾಗದಲ್ಲಿ, ಆಳಕ್ಕೆ ಹೋಗದ ಹಾಗೆ ಚುಚ್ಚುವುದು. ಮೂರನೆಯದಕ್ಕೆ ಮಾತ್ರೆ, ಫಿಸಿಯೋ, ವ್ಯಾಯಾಮದ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದರೆ, ಗುಣ ಕಂಡವರು ಸರಿ ಸೂಜಿಯಲ್ಲಿ 47.6%, ಸುಳ್ಳು ಸೂಜಿಯಲ್ಲಿ 44.2%, ಮಾಮೂಲಿ ಚಿಕಿತ್ಸೆಯಲ್ಲಿ 27.4%.

ಈ ಮೂರು ಅಂಕಿಗಳನ್ನು ಎರಡು ಸಲ ಓದಿ. ಸೂಜಿ ಹಾಕಿಸಿಕೊಂಡವರಿಗೆ ಮಾಮೂಲಿ ಚಿಕಿತ್ಸೆಯವರಿಗಿಂತ ಜಾಸ್ತಿ ಗುಣ ಆಯಿತು, ಇದು ನಿಜ. ಸೂಜಿ ಎಲ್ಲಿಗೆ ಹಾಕಿದರು ಅನ್ನುವುದರಿಂದ ಅಂಥ ದೊಡ್ಡ ವ್ಯತ್ಯಾಸ ಆಗಲಿಲ್ಲ, ಇದೂ ನಿಜ. 2018ರಲ್ಲಿ 39 ಪರೀಕ್ಷೆಗಳ ಸುಮಾರು 20 ಸಾವಿರ ರೋಗಿಗಳ ವಿವರ ಒಟ್ಟಿಗೆ ಹಾಕಿ ನೋಡಿದರು. ಸೊಂಟ, ಕುತ್ತಿಗೆ, ಭುಜ, ಮೊಣಕಾಲು ಸವೆತ, ತಲೆನೋವು ಇವುಗಳ ಹಳೇ ನೋವಿನ ಲೆಕ್ಕ ಅದು. ಅಲ್ಲಿ ಸರಿ ಸೂಜಿ ಸುಳ್ಳು ಸೂಜಿಗಿಂತ ಸ್ವಲ್ಪ ಮುಂದಿತ್ತು, ಸೂಜಿಯೇ ಇಲ್ಲದ್ದಕ್ಕಿಂತ ಚೆನ್ನಾಗಿಯೇ ಮುಂದಿತ್ತು. ವರ್ಷ ಕಳೆದರೂ ಲಾಭದ ಹೆಚ್ಚಿನ ಪಾಲು ಉಳಿದಿತ್ತು.

ಇಂಥ ಪುರಾವೆ ಇಟ್ಟುಕೊಂಡು ದೊಡ್ಡವರೇ ಬೇರೆ ಬೇರೆ ಮಾತಾಡುತ್ತಾರೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2016ರಲ್ಲಿ ಸೊಂಟ ನೋವಿಗೆ ಅಕ್ಯುಪಂಕ್ಚರ್ ಬೇಡ ಅಂದಿತು. ಮರುವರ್ಷವೇ ಅಮೆರಿಕದ ವೈದ್ಯರ ಸಂಘ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ಚಿಕಿತ್ಸೆಗಳಲ್ಲಿ ಅದನ್ನೂ ಸೇರಿಸಿತು. ನನಗೆ ಅನ್ನಿಸುವುದು ಇಷ್ಟು: ಹಳೇ ನೋವಿಗೆ ಸೂಜಿ ಪ್ರಯತ್ನಿಸಬಹುದು. ಹೊಸ ಪೆಟ್ಟಿಗೆ ಆತುರ ಬೇಡ. ಆ್ಯಂಕಲ್ ಉಳುಕಿನ ಮೇಲಿನ ಪರೀಕ್ಷೆಗಳನ್ನೆಲ್ಲ 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದವರಿಗೆ ನಂಬಬಹುದಾದ ಪುರಾವೆ ಸಿಗಲಿಲ್ಲ.

ನೋವಿನ ಪ್ರಕಾರ ಹೋಲಿಸಿದರೆ

ಆ್ಯಂಕಲ್ ಉಳುಕು: ಎಲುಬು ಸರಿ ಇದೆ ಅಂತ ಗೊತ್ತಾದ ಮೇಲೆ ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರದಲ್ಲಿ ಇಡುವುದು, ನೋವಿಗೆ ಬೇಕಾದರೆ ಬಟ್ಟೆ ಸುತ್ತಿ ಐಸ್. ಹಚ್ಚುವ ಡೈಕ್ಲೋಫೆನಾಕ್ ಜೆಲ್‌ಗೆ ಉಳುಕಿನಲ್ಲಿ ಒಳ್ಳೆಯ ಪುರಾವೆಯೇ ಇದೆ, ಹೊಟ್ಟೆಗೂ ತೊಂದರೆ ಕಡಿಮೆ. ಆಮೇಲೆ ಮೆಲ್ಲಗೆ ನಡಿಗೆ, ಒಂಟಿಗಾಲಲ್ಲಿ ನಿಲ್ಲುವ ಅಭ್ಯಾಸ. ನಾನು ದಿನಾ ಹಲ್ಲುಜ್ಜುವಾಗ ಎಡಗಾಲಲ್ಲಿ ನಿಲ್ಲುತ್ತೇನೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದನ್ನು ತಡೆಯುವುದು ಈ ಬ್ಯಾಲೆನ್ಸ್ ಅಭ್ಯಾಸ. ಅದು ಸೂಜಿಯಿಂದ ಆಗುವ ಕೆಲಸ ಅಲ್ಲ.

ತೊಡೆ ಹಿಂಭಾಗ, ಅಂದರೆ ಹ್ಯಾಮ್‌ಸ್ಟ್ರಿಂಗ್: ನಮ್ಮ ಊರಲ್ಲಿ ಇದರ ಬಗ್ಗೆ ಮಾತಾಡಬೇಕಾದರೆ ಕಂಬಳದವರನ್ನು ಕೇಳಬೇಕು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, 100 ಮೀಟರಿಗೆ ಎಷ್ಟಾಯಿತು ಅಂತ ದೇಶವೇ ಲೆಕ್ಕ ಹಾಕಿತು. ಆ ಓಟ ಬರಿಗಾಲಲ್ಲಿ, ಕೆಸರಿನಲ್ಲಿ, ಮುಂದೆ ಎರಡು ಕೋಣ ಎಳೆಯುತ್ತಿರುವಾಗ. ಹೆಜ್ಜೆ ಎಷ್ಟು ಉದ್ದ ಅನ್ನುವುದು ಓಡುವವನ ಕೈಯಲ್ಲಿ ಪೂರ್ತಿ ಇರುವುದಿಲ್ಲ. ತೊಡೆ ಹಿಂದಿನ ಸ್ನಾಯು ಪೂರ್ತಿ ಚಾಚಿದಾಗಲೇ ಜಗ್ಗುತ್ತದೆ.

ನನ್ನ ಪರಿಚಯದ ಹುಡುಗನೊಬ್ಬ ಮೂಡುಬಿದಿರೆ ಕಡೆಯವ, ಕಂಬಳದಲ್ಲಿ ಓಡುತ್ತಾನೆ. ಈ ಸೀಸನ್ನಿನಲ್ಲಿ ಕರೆಯ, ಅಂದರೆ ಕೋಣ ಓಡುವ ಕೆಸರು ಟ್ರ್ಯಾಕಿನ, ಅರ್ಧಕ್ಕೆ ಬರುವಾಗ ಅವನ ತೊಡೆ ಹಿಡಿಯಿತು. ಎರಡನೇ ದಿನ ಚರ್ಮದ ಕೆಳಗೆ ನೇರಳೆ ಬಣ್ಣ. ಅಂದರೆ ಒಳಗೆ ನೂಲು ಹರಿದು ರಕ್ತ ಬಂದಿದೆ. ಅಂಥ ಜಾಗಕ್ಕೆ ಮೊದಲ ದಿನಗಳಲ್ಲಿ ಸೂಜಿಯೂ ಬೇಡ, ಎಣ್ಣೆ ಹಾಕಿ ತಿಕ್ಕುವುದೂ ಬೇಡ. ಅವನ ಅಜ್ಜಿ ಬಿಸಿ ಎಣ್ಣೆ ಹಿಡಿದು ಕೂತಿದ್ದರು. "ಅಜ್ಜಿ, ಒಂದು ವಾರ ತಡೀರಿ" ಅಂತ ಕೈಮುಗಿದೆ. ಹತ್ತು ದಿನ ಕಳೆದ ಮೇಲೆ ಫಿಸಿಯೋ ಸುತ್ತಲಿನ ಬಿಗಿ ಸ್ನಾಯುವಿಗೆ ಎರಡು ಸಲ ಸೂಜಿ ಹಾಕಿದರು. ಆದರೆ ಮುಖ್ಯ ಕೆಲಸ ವ್ಯಾಯಾಮದ್ದು. ಮಂಡಿಯೂರಿ ಕೂತು, ಒಬ್ಬರು ಹಿಮ್ಮಡಿ ಹಿಡಿದುಕೊಂಡಾಗ ಮೈಯನ್ನು ಮೆಲ್ಲ ಮೆಲ್ಲ ಮುಂದಕ್ಕೆ ಬಿಡುವುದು. ನಾರ್ಡಿಕ್ ಅನ್ನುತ್ತಾರೆ. ಇದನ್ನು ತಪ್ಪದೆ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ದೇವಸ್ಥಾನದ ಜಗಲಿಯಲ್ಲೂ ಮಾಡಬಹುದು, ಖರ್ಚಿಲ್ಲ.

ಹಿಮ್ಮಡಿ ನೋವು: ಬೆಳಗ್ಗೆ ಮಂಚದಿಂದ ಇಳಿದು ತಣ್ಣನೆ ಟೈಲ್ಸಿನ ಮೇಲೆ ಮೊದಲ ಹೆಜ್ಜೆ ಇಡುವಾಗ ಮುಳ್ಳು ಚುಚ್ಚಿದ ಹಾಗಾಗುತ್ತದಲ್ಲ, ಅದು. ಅಜ್ಜರಕಾಡಿನ ಟ್ರ್ಯಾಕಿನಲ್ಲಿ, ಪಣಂಬೂರಿನ ಮರಳಲ್ಲಿ ದಿಢೀರನೆ ಓಡಲು ಶುರು ಮಾಡಿದ ನಮ್ಮ ವಯಸ್ಸಿನವರಿಗೆ ಇದು ಮಾಮೂಲು. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 84 ಜನರ ಮೇಲೆ ಡ್ರೈ ನೀಡ್ಲಿಂಗ್ ಪರೀಕ್ಷಿಸಿದರು. ಲಾಭ ಕಂಡಿತು, ಆದರೆ ಸಣ್ಣದು. ಡೆನ್ಮಾರ್ಕಿನವರ ಉಪಾಯ ಅಗ್ಗದ್ದು. ಬೆರಳುಗಳ ಕೆಳಗೆ ಟವೆಲ್ ಸುತ್ತಿ ಇಟ್ಟು, ಮೆಟ್ಟಿಲ ಮೇಲೆ ಒಂಟಿಗಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ದಿನ ಬಿಟ್ಟು ದಿನ. ಬರೀ ಸ್ಟ್ರೆಚ್ ಮಾಡಿದವರಿಗಿಂತ ಇವರು ಮೂರು ತಿಂಗಳಲ್ಲಿ ಮುಂದಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಆತುರ ಇದ್ದವರು ಮೆಟ್ಟಿಲು ಹತ್ತಿ. ಬೆಳಗ್ಗಿನ ಚುಚ್ಚು ತಡೆಯಲಾರದಷ್ಟು ಇದ್ದರೆ ನಡುವೆ ನಾಲ್ಕು ಸಲ ಸೂಜಿ ಹಾಕಿಸಿಕೊಳ್ಳಿ.

ಅಕಿಲಿಸ್ ನೋವು, ಅಂದರೆ ಹರಿಯದೆ ಬರೀ ದಪ್ಪಗಾಗಿ ನೋಯುವುದು: ಸ್ವೀಡನ್ನಿನಲ್ಲಿ 1998ರಲ್ಲಿ ಬಂದ ಕ್ರಮ ಇದೆ. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿಯನ್ನು ಮೆಲ್ಲ ಕೆಳಗಿಳಿಸುವುದು, ದಿನಕ್ಕೆ 180 ಸಲ, 12 ವಾರ. ಕೇಳಿದರೇ ಸುಸ್ತು. ಸೂಜಿ ಸುಲಭ ಅನ್ನಿಸುವುದು ಇಂಥ ಹೊತ್ತಲ್ಲೇ. ಆದರೆ ಸ್ನಾಯುರಜ್ಜಿಗೆ ಬಲ ಬರುವುದು ಭಾರ ಬಿದ್ದಾಗ.

ಮೊಣಕೈಯ ಹೊರಬದಿ, ಟೆನ್ನಿಸ್ ಎಲ್ಬೋ: ಶಟಲ್ ಆಡುವವರಿಗೂ ಬರುತ್ತದೆ, ದಿನಾ ತೆಂಗಿನಕಾಯಿ ತುರಿಯುವವರಿಗೂ ಬರುತ್ತದೆ. ಸೂಜಿಯಿಂದ ಸ್ವಲ್ಪ ದಿನದ ಆರಾಮ ಸಿಗಬಹುದು. ಇಲ್ಲಿ ಹೋಲಿಸಬೇಕಾದದ್ದು ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ. ಇಂಜೆಕ್ಷನ್ ಕೊಟ್ಟ ಕೆಲವೇ ವಾರದಲ್ಲಿ ಅದ್ಭುತ, ವರ್ಷದ ಹೊತ್ತಿಗೆ ನೋವು ಮರುಕಳಿಸುವುದು ಜಾಸ್ತಿ. ಯೂನಿವರ್ಸಿಟಿ ಮಟ್ಟದಲ್ಲಿ, ರಾಜ್ಯಕ್ಕೆ ಆಡುವ ಮಕ್ಕಳಿದ್ದರೆ ಇನ್ನೊಂದು ವಿಷಯ ನೆನಪಿಡಿ. 2022ರ ಜನವರಿಯಿಂದ ಸ್ಪರ್ಧೆಯ ಹೊತ್ತಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲಿಗೆ ಚುಚ್ಚಿದರೂ ಡೋಪಿಂಗ್ ನಿಯಮದಲ್ಲಿ ನಿಷೇಧ. ಮದ್ದಿಲ್ಲದ ಸೂಜಿಗೆ ಆ ತಲೆನೋವಿಲ್ಲ.

ಸೊಂಟ, ಕುತ್ತಿಗೆ, ಭುಜದ ಹಳೇ ನೋವಿಗೆ ಅಕ್ಯುಪಂಕ್ಚರ್ ನನ್ನ ಪಟ್ಟಿಯಲ್ಲಿ ಮೇಲೆ ಬರುತ್ತದೆ, ವ್ಯಾಯಾಮದ ಜೊತೆಗೆ. ಮೊಣಕಾಲು ಸವೆತಕ್ಕೆ ಬ್ರಿಟನ್ನಿನವರು 2022ರಲ್ಲಿ ಸೂಜಿ ಬೇಡ ಅಂದಿದ್ದಾರೆ. ಮೇಲೆ ಹೇಳಿದ 20 ಸಾವಿರ ಜನರ ಲೆಕ್ಕದಲ್ಲಿ ಅದಕ್ಕೂ ಗುಣ ಕಂಡಿದೆ. ನನ್ನ ಅಕ್ಕ ಹಾಕಿಸಿಕೊಳ್ಳುತ್ತಾಳೆ, ಮೆಟ್ಟಿಲು ಹತ್ತುವುದು ಸುಲಭ ಆಗಿದೆ ಅನ್ನುತ್ತಾಳೆ. ನಾನು ವಾದಕ್ಕೆ ಹೋಗುವುದಿಲ್ಲ.

ಪಟ್ಟು, ಎಣ್ಣೆ, ಮಾತ್ರೆ, ಕಪ್ಪಿಂಗ್

ನಮ್ಮಲ್ಲಿ ಉಳುಕಿಗೆ ಮೊದಲು ನೆನಪಾಗುವುದು ನಾಟಿ ಪಟ್ಟು, ಪೆಟ್ಟಿಗೆ ಹಚ್ಚುವ ಮುರಿವೆಣ್ಣೆ. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಸುಮ್ನೆ ಸುತ್ತಿ ಇಡುವುದರಿಂದ ಹಾನಿ ಇಲ್ಲ. ಎಷ್ಟೋ ಜನರಿಗೆ ಹಾಯ್ ಅನ್ನಿಸುತ್ತದೆ. ಹೊಸ ಪೆಟ್ಟಿನ ಮೇಲೆ ಜೋರಾಗಿ ತಿಕ್ಕುವುದು, 'ಕೂಡಿಸುತ್ತೇನೆ' ಅಂತ ಎಳೆಯುವುದು, ಬಿದಿರ ದಬ್ಬೆ ಇಟ್ಟು ಗಟ್ಟಿ ಬಿಗಿಯುವುದು, ಹೆದರಬೇಕಾದದ್ದು ಇವಕ್ಕೆ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಆ ಕ್ಷಣವೇ ಬಿಚ್ಚಿ. ಬೆಳಗಾಗಲಿ ಅಂತ ಕಾಯಬೇಡಿ.

ನೋವಿನ ಮಾತ್ರೆ ನಾಲ್ಕೈದು ದಿನಕ್ಕೆ ಪರವಾಗಿಲ್ಲ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಬಿಟ್ಟು. ಮಳೆಗಾಲದಲ್ಲಿ ಮಾತ್ರ ಒಂದು ಮಾತು. ಮೈಕೈ ನೋವಿನ ಜೊತೆ ಜ್ವರವೂ ಇದ್ದರೆ ಅದು ಆಟದ ನೋವು ಅಂದುಕೊಂಡು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಇದೆ. ಸೂಜಿಯೂ ಆಗ ಬೇಡ.

ಕಪ್ಪಿಂಗ್, ಅಂದರೆ ಮೈಮೇಲೆ ಕಪ್ ಕವುಚಿ ಚರ್ಮವನ್ನು ಮೇಲಕ್ಕೆ ಹೀರಿಸುವುದು, ಅದರ ಬಗ್ಗೆ ಕೇಳುವವರು ಬಹಳ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ಕಂಡ ದುಂಡನೆ ಕೆಂಪು ಗುರುತಿನ ಮಹಿಮೆ ಅದು. ಬಿಗಿ ಸಡಿಲವಾದ ಹಾಗೆ ಅನ್ನಿಸುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ಯಾರ ಹತ್ತಿರ ಹೋಗುವುದು

ಕರಾವಳಿಯಲ್ಲಿ ಈ ವಿಷಯದಲ್ಲಿ ನಮಗೆ ಅದೃಷ್ಟ ಇದೆ. ಉಜಿರೆಯ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜು 1989ರಿಂದ ನಡೆಯುತ್ತಿದೆ. ಮೂಡುಬಿದಿರೆಯ ಆಳ್ವಾಸ್‌ನವರದ್ದೂ ಇಂಥ ಕಾಲೇಜಿದೆ. ಉಡುಪಿ ಹತ್ತಿರ ಪರೀಕದಲ್ಲಿ ಸೌಖ್ಯವನ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ಇದೆ. ಬಿಎನ್‌ವೈಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ, ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಡಿಗ್ರಿ ಕೋರ್ಸು, ಅದರಲ್ಲಿ ಅಕ್ಯುಪಂಕ್ಚರ್ ಪಾಠವೂ ಇದೆ. ಫಿಸಿಯೋಥೆರಪಿ ಓದಿ ಡ್ರೈ ನೀಡ್ಲಿಂಗ್ ಕಲಿತವರು ಇನ್ನೊಂದು ಬಗೆ. ಎಂಬಿಬಿಎಸ್ ಮಾಡಿ ಸೂಜಿ ಕಲಿತವರೂ ಇದ್ದಾರೆ. ಇವರಲ್ಲದೆ ಸಣ್ಣ ಕೋರ್ಸಿನ ಸರ್ಟಿಫಿಕೇಟನ್ನು ದೊಡ್ಡ ಫ್ರೇಮಿಗೆ ಹಾಕಿದವರೂ ಇದ್ದಾರೆ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರಿಗೆ ಚಿಕಿತ್ಸಾ ಪದ್ಧತಿಯ ಮಾನ್ಯತೆ ಕೊಟ್ಟಿತು, ಮಹಾರಾಷ್ಟ್ರದಲ್ಲಿ ಅದಕ್ಕೇ ಪ್ರತ್ಯೇಕ ಕೌನ್ಸಿಲ್ ಇದೆ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಕಾಯ್ದೆಯಡಿ ನೋಂದಣಿ ಮಾಡಿಸಿ, ಅದರ ಪತ್ರವನ್ನು ಕಾಣುವ ಹಾಗೆ ಹಾಕಬೇಕು. ಒಳಗೆ ಹೋಗುವಾಗ ಗೋಡೆಯತ್ತ ಒಂದು ಕಣ್ಣು ಹಾಯಿಸಿ.

ನಾನು ಈಗ ನೋಡುವುದು ಇಷ್ಟು. ಸೂಜಿ ಮುಟ್ಟುವ ಮೊದಲು ನೋವಿನ ಜಾಗ ಒತ್ತಿ, ಮಡಚಿ, ನಡೆಸಿ ನೋಡುತ್ತಾರಾ? ಸೂಜಿಯ ಪ್ಯಾಕೆಟ್ ನನ್ನ ಎದುರೇ ಒಡೆಯುತ್ತಾರಾ? ಬಳಸಿದ್ದನ್ನು ಬಿಸಾಡುತ್ತಾರಾ? ಎಷ್ಟು ಹಾಕಿದರು, ಎಷ್ಟು ತೆಗೆದರು ಅಂತ ಎಣಿಸುತ್ತಾರಾ? ಕೊನೆಯದು ತಮಾಷೆ ಅಲ್ಲ. ನಾನೇ ಒಮ್ಮೆ ಮನೆಗೆ ಬಂದು ಸಾಕ್ಸ್ ತೆಗೆದಾಗ ಒಂದು ಸೂಜಿ ಕಾಲಲ್ಲೇ ಇತ್ತು. ಹೌದು, ಅದೇ ಹಿಂದಿನ ಕ್ಲಿನಿಕ್.

ಅಪಾಯ ಕಡಿಮೆ, ಆದರೆ ಇಲ್ಲದೇ ಇಲ್ಲ. ಬ್ರಿಟನ್ನಿನಲ್ಲಿ ತರಬೇತಿ ಆದವರು ಮಾಡಿದ 34 ಸಾವಿರಕ್ಕೂ ಹೆಚ್ಚು ಸಿಟ್ಟಿಂಗ್‌ಗಳನ್ನು ಗಮನಿಸಿ 2001ರಲ್ಲಿ ವರದಿ ಬಂತು, ಗಂಭೀರ ತೊಂದರೆ ಒಂದೂ ಇರಲಿಲ್ಲ. ಆದರೆ 2013ರಲ್ಲಿ ಅಮೆರಿಕದ ಸ್ಕೀ ಆಟಗಾರ ಟೊರಿನ್ ಯೇಟರ್-ವಾಲೇಸ್‌ಗೆ ಪಕ್ಕೆ ನೋವಿಗೆ ಹಾಕಿದ ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಿತು. ಒಲಿಂಪಿಕ್ಸ್‌ಗೆ ಆಗ ಕೆಲವೇ ತಿಂಗಳಿತ್ತು. ಹೆಗಲ ಹಲಗೆ, ಕತ್ತಿನ ಬುಡ, ಪಕ್ಕೆಲುಬಿನ ಮೇಲೆ ಸೂಜಿ ಹಾಕುವವರಿಗೆ ಕೈ ಪಳಗಿರಬೇಕು. ಆ ಜಾಗಕ್ಕೆ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಸೀದಾ ಆಸ್ಪತ್ರೆಗೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಪಾದದಲ್ಲಿ ಸ್ಪರ್ಶ ಕಡಿಮೆಯಾದ ಸಕ್ಕರೆ ಕಾಯಿಲೆಯವರು ಮೊದಲೇ ಹೇಳಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಎರಡು ಇಡ್ಲಿ ಸಾಕು.

ದುಡ್ಡಿನ ಲೆಕ್ಕದಲ್ಲಿ ಒಂದು ಸಿಟ್ಟಿಂಗಿನ ಫೀಸನ್ನು ಹೋಲಿಸಬೇಡಿ. ಅಕ್ಯುಪಂಕ್ಚರ್ ಸಾಮಾನ್ಯವಾಗಿ 6ರಿಂದ 12 ಸಿಟ್ಟಿಂಗ್ ಹಿಡಿಯುತ್ತದೆ, ಹೋಗಿ ಬರುವ ಬಸ್ಸು, ಅರ್ಧ ದಿನದ ರಜೆ ಸೇರಿಸಿ ಗುಣಿಸಿ. ಫಿಸಿಯೋ ಹತ್ತಿರ ಮೂರ್ನಾಲ್ಕು ಸಲ ಹೋಗಿ ವ್ಯಾಯಾಮ ಕಲಿತರೆ ಬಾಕಿಯದ್ದು ಮನೆಯಲ್ಲೇ. ಹತ್ತು ಸಿಟ್ಟಿಂಗಿನ ದುಡ್ಡು ಮುಂಗಡ ಕೇಳಿದರೆ ನಾನು ಎದ್ದು ಬರುತ್ತೇನೆ. ನಾಲ್ಕು ಸಲ ಹಾಕಿಸಿದ ಮೇಲೂ ನಿದ್ದೆ, ನಡಿಗೆ, ಮೆಟ್ಟಿಲು ಯಾವುದರಲ್ಲೂ ಬದಲಾವಣೆ ಇಲ್ಲ ಅಂದರೆ ಐದನೆಯದು ಯಾಕೆ?

ಇದನ್ನು ಬರೆಯುತ್ತಿರುವಾಗ ಮೂಡುಬಿದಿರೆಯ ಹುಡುಗನ ಫೋನ್ ಬಂತು. "ಅಣ್ಣಾ, ಈಗ ನೋವೇ ಇಲ್ಲ. ಶನಿವಾರ ಓಡ್ಲಾ?"

"ಎರಡೂ ಕಾಲಲ್ಲಿ ಒಂದೇ ಜೋರು ಉಂಟಾ ಅಂತ ಫಿಸಿಯೋ ನೋಡಿದ್ರಾ?"

"ಇಲ್ಲ. ನಾಡಿದ್ದು ನೋಡ್ತಾರಂತೆ."

"ಹಾಗಾದ್ರೆ ನಾಡಿದ್ದು ಅವರನ್ನೇ ಕೇಳು."